ನೆಂಜು, ನಂಜು

20 ಸೆಪ್ಟೆಂಬರ್ 1978, ಬುಧವಾರ

ಅಪ್ಪ ಹೋಗಿ ಇಂದಿಗೆ ಹದಿನಾರು ದಿನ. ಸಿಲೋನಿನಿಂದ ನಮ್ಮ ಜೊತೆಗೇ ಬಂದ ಹನ್ನೆರಡು ಮನೆಯವರೂ ಊಟಕ್ಕೆ ಬಂದಿದ್ದರು. ತಮಿಳಿನಲ್ಲೇ ಅತ್ತರು, ತಮಿಳಿನಲ್ಲೇ ಸಮಾಧಾನ ಹೇಳಿದರು.

ಹೊನ್ನವಳ್ಳಿಗೆ ಬಂದು ಆರು ವರ್ಷವಾದರೂ ಅಮ್ಮನಿಗೆ ಕನ್ನಡ ಬೇಕಾಗಲೇ ಇಲ್ಲ. ತೆಂಗಿನ ನಾರಿನ ಕೆಲಸಕ್ಕೂ ಅಂಗಡಿಗೂ ನಮ್ಮ ಸಾಲುಮನೆಗಳ ಮೇಸ್ತ್ರಿಯೇ ಮಾತಾಡುತ್ತಿದ್ದ. ಕಲಿಸುತ್ತೇನೆ ಎಂದರೆ, "ನಮ್ಮ ಜನ ಇಷ್ಟಿರುವಾಗ ಅದೇಕಮ್ಮಾ?" ಎಂದು ನಗುತ್ತಿದ್ದಳು. ನಾನೂ ಸುಮ್ಮನಾಗುತ್ತಿದ್ದೆ.

ಅಪ್ಪ ತೀರಿಕೊಂಡ ದಿನ ಮೇಸ್ತ್ರಿ ತಿಪಟೂರಿಗೆ ಹೋಗಿದ್ದ. ನಾನು ಶಾಲೆಯಲ್ಲಿದ್ದೆ. ಎದೆನೋವು ಬಂದು ಅಪ್ಪ ತೋಟದಲ್ಲಿ ಕುಸಿದಾಗ ಅಮ್ಮ "ನೆಂಜು, ನೆಂಜು" ಎಂದು ತನ್ನ ಎದೆಯನ್ನೇ ಬಡಿದು ತೋರಿಸಿದಳಂತೆ. ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು. ತೋಟದ ಹುಚ್ಚಣ್ಣನಿಗೆ ಕೇಳಿಸಿದ್ದು ನಂಜು.

"ಹಾವು ಮುಟ್ಟೈತೆ ಕಣ್ಲಾ, ಗಾಡಿ ಕಟ್ಟು!"

ಆಸ್ಪತ್ರೆಯ ದಾರಿ ಬಿಟ್ಟು, ಹಾವಿನ ಮದ್ದು ಕೊಡುವವರ ಊರಿಗೆ ಹೊರಟರು. ಎತ್ತಿನ ಬಾಯಲ್ಲಿ ನೊರೆ ಬರುವ ಹಾಗೆ ಓಡಿಸಿದರಂತೆ. ಅವರ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ.

ಇವತ್ತು ಎಂಜಲೆಲೆ ಎತ್ತುವಾಗ ಅಮ್ಮ ಕೇಳಿದಳು, ನೆಂಜಿಗೆ ಇಲ್ಲಿಯವರು ಏನೆನ್ನುತ್ತಾರೆ ಎಂದು.

"ಎದೆ" ಎಂದೆ.

ಎರಡು ಸಲ ಹೇಳಿ ನೋಡಿದಳು. ಸರಿಯಾಗಿಯೇ ಬಂತು.

"ಇಷ್ಟೇನಾ?" ಎಂದಳು.