ನಮ್ಮವರು ಯಾರೂ ಇಲ್ಲವಲ್ಲ

ಅಪ್ಪನ ಮನೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಬೆಳಿಗ್ಗೆ ನಿನ್ನ ಪೇಪರು ಬಂತು. ಮುಖಪುಟದಲ್ಲೇ ನನ್ನ ಫೋಟೊ, ‘ಪರದೇಶದಲ್ಲಿ ಬೆಳಗಿದ ನಮ್ಮ ಮನೆಮಗಳು’ ಎಂಬ ತಲೆಬರಹ. ಅಪ್ಪ ಅದನ್ನು ಹಿಡಿದು, ಊದಿದ ಕಾಲಲ್ಲೇ ಮೆಟ್ಟಿಲಿಳಿದು, ಬೀದಿಯವರಿಗೆಲ್ಲ ತೋರಿಸಿ ಬಂದರು. ವಾಪಸು ಹತ್ತುವಾಗ ಮಧ್ಯದಲ್ಲೇ ಕೂತುಬಿಟ್ಟರು. ನಾನು ಹೋಗಿ ಎಬ್ಬಿಸಿಕೊಂಡು ಬಂದೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ಅಪ್ಪನ ಕಿಡ್ನಿ ಎರಡೂ ಹೋದ ಹಾಗೇ. ಮಂಡಿನೋವಿಗೆಂದು ಅವರು ವರ್ಷಗಟ್ಟಲೆ ನುಂಗುತ್ತಿರುವುದು ಅದೇ ಕೆಂಪು ಮಾತ್ರೆ. ಯಾವುದು ಅಂತ ನಿನಗೆ ಗೊತ್ತು.

ಆ ಮಾತ್ರೆ ಕಿಡ್ನಿಯನ್ನು ತಿನ್ನುತ್ತದೆ ಎಂದು ಪರದೇಶದ ನಮ್ಮ ಸಂಶೋಧನಾ ತಂಡ ಎರಡು ವರ್ಷದ ಹಿಂದೆ ಕಂಡುಹಿಡಿದಾಗ ನಾನು ಮೊದಲು ಬರೆದು ಕಳಿಸಿದ್ದು ನಿನ್ನ ವಿಜ್ಞಾನ ಪುಟಕ್ಕೇ. ತಂಡದ ಮುಖ್ಯಸ್ಥೆ ಅಲ್ಲಿಯವಳು, ಆಸ್ಪತ್ರೆ ಅಲ್ಲಿಯದು, ರೋಗಿಗಳೂ ಅಲ್ಲಿಯವರು, ಇದರಲ್ಲಿ ನಮ್ಮವರು ಯಾರೂ ಇಲ್ಲವಲ್ಲ ಅಂದೆ ನೀನು. ನಾನಿದ್ದೇನಲ್ಲೋ ಅಂದರೆ, ಪ್ರಬಂಧದಲ್ಲಿ ನೀನು ನಾಲ್ಕನೇ ಹೆಸರು ಕಣಕ್ಕ, ಅವರ ಕಿಡ್ನಿ ಕೆಟ್ಟರೆ ನಮ್ಮ ಓದುಗರಿಗೇನು ಅಂತ ನಕ್ಕೆ. ನಾನೂ ನಕ್ಕೆ ಅಂತ ಕಾಣುತ್ತದೆ. ಆ ವಾರ ನೀನು ಹಾಕಿದ್ದು ನಿಂಬೆ ಸಿಪ್ಪೆ ತಿಂದ ಇಲಿಗಳಿಗೆ ಜ್ಞಾಪಕಶಕ್ತಿ ಹೆಚ್ಚಿತೆಂಬ ಸುದ್ದಿ. ಇಲಿಗಳಾದರೂ ನಮ್ಮವಾಗಿದ್ದವು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಲೋಕದ ಗಾದೆ. ನಿನ್ನ ಕಚೇರಿಯಲ್ಲಿ ಹಿತ್ತಲ ಗಿಡ ಬಿಟ್ಟರೆ ಬೇರೇನೂ ಮದ್ದಲ್ಲ.

ಅಪ್ಪನಿಗೆ ನಾನು ಹೇಳದೇ ಇದ್ದೆನೇ? ಜೀವಮಾನವಿಡೀ ಅದೇ ಪೇಪರಿಗೆ ಅಚ್ಚುಮೊಳೆ ಜೋಡಿಸಿದ ಮನುಷ್ಯ. ಅಚ್ಚಾಗದ ಮಾತು ಅವರ ಕಿವಿಗೆ ಇಳಿಯುವುದಿಲ್ಲ. ಪೇಪರಲ್ಲಿ ಬರಲಿ, ಬಿಡ್ತೀನಿ ಅಂದಿದ್ದರು. ನಿನ್ನೆ ಡಾಕ್ಟರು ನಿಲ್ಲಿಸಿ ಎಂದದ್ದಕ್ಕೂ, ಆ ಡಾಕ್ಟರ್ ಹುಡುಗ ನಿನ್ನ ಮಾತು ಕೇಳಿಕೊಂಡು ಹೇಳ್ತಿದಾನೆ ಅಂದರು.

ಈಗ ಆ ಸಂಶೋಧನೆಗೆ ಬಹುಮಾನ ಬಂದದ್ದೇ ತಡ, ನಾಲ್ಕನೇ ಹೆಸರು ಮುಖಪುಟಕ್ಕೆ ಏರಿತು. ನಾನು ಓದಿದ ಶಾಲೆ ಇದೆ, ನನ್ನ ಎರಡು ಜಡೆ ಇದೆ. ಈ ಕೆಲಸಕ್ಕೇ ಆಯಸ್ಸು ಸವೆಸಿದ ನನ್ನ ಮುಖ್ಯಸ್ಥೆ ‘ವಿದೇಶಿ ಸಹೋದ್ಯೋಗಿಗಳು’ ಎಂಬ ಮಾತಿನೊಳಗೆ ಎಲ್ಲೋ ಇದ್ದಾಳೆ. ಮಾತ್ರೆಯ ಹೆಸರು ಮಾತ್ರ ಎಷ್ಟು ಹುಡುಕಿದರೂ ಇಲ್ಲ. ‘ಔಷಧವೊಂದರ ಕುರಿತ ಮಹತ್ವದ ಸಂಶೋಧನೆ’ಯಂತೆ. ಫೋನ್ ಮಾಡಿದ ನಿಮ್ಮ ವರದಿಗಾರ್ತಿಗೆ ಆ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ್ದೆ. ಅವಳು ಮುಂದೆ ಕೇಳಿದ್ದು, ಅಲ್ಲಿ ಮನೆಯ ನೆನಪಾಗುತ್ತದೆಯೇ ಅಂತ.

ನನಗೆ ಸಿಟ್ಟೂ ಬರುತ್ತಿಲ್ಲ, ಸಾಕಾಗಿಹೋಗಿದೆ. ಮುಂದಿನ ವಾರದಿಂದ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ವಾಸಿಯಾಗುವುದಿಲ್ಲ, ದಿನ ತಳ್ಳಬಹುದು ಅಷ್ಟೆ. ಇನ್ನೆಷ್ಟು ಮನೆಗಳ ಕಪಾಟಿನಲ್ಲಿ ಆ ಕೆಂಪು ಮಾತ್ರೆ ಕೂತಿದೆಯೋ. ಒಂದೇ ಒಂದು ಸಾಲು ಹಾಕು: ಅದರ ಹೆಸರು, ಮುಂದೆ ‘ನುಂಗಬೇಡಿ’ ಅಂತ. ಬೇಕಾದರೆ ನಮ್ಮವರೇ ಕಂಡುಹಿಡಿದದ್ದೆಂದು ಸುಳ್ಳು ಬರೆ. ಮುಖ್ಯಸ್ಥೆಯ ಕಾಲು ನಾನು ಹಿಡಿಯುತ್ತೇನೆ.

ನಿನ್ನ
ಅಕ್ಕ

ತಾ.ಕ.: ಇದನ್ನು ಮಡಿಸುವಾಗ ಅಪ್ಪ ಮತ್ತೊಂದು ಮಾತ್ರೆ ಬಾಯಿಗೆ ಹಾಕಿಕೊಂಡರು. ಮನೆಯಲ್ಲಿದ್ದದ್ದನ್ನೆಲ್ಲ ನಾನು ಎಸೆದಿದ್ದೆ. ಬೆಳಿಗ್ಗೆ ಪೇಪರು ತೋರಿಸಲು ಹೋದವರು ಹೊಸದು ತಂದಿದ್ದಾರೆ. ಕೈ ಹಿಡಿದುಕೊಂಡೆ. “ಬಿಡೇ, ಇದು ಅಷ್ಟು ಕೆಟ್ಟದ್ದಾಗಿದ್ರೆ ನನ್ನ ಮಗ ಗೊತ್ತಿದ್ದೂ ಹಾಕದೆ ಇರ್ತಿದ್ನಾ?” ಅಂದರು. ಅವನಿಗೆ ಗೊತ್ತಿರಲಿಲ್ಲ ಅಪ್ಪಾ, ಅಂದೆ.