ಪೂಜೆ ಮುಗಿಯುವ ತನಕ

ದೇವದುರ್ಗ, ೧೪-೮-೧೯೭೮. ಶ್ರಾವಣ ಸೋಮವಾರ, ರಾತ್ರಿ.

ಹಂಪಮ್ಮ ಇಂದು ನಕ್ಕ ನಗು ಇನ್ನೂ ಕಿವಿಯನ್ನು ಬಿಟ್ಟು ಹೋಗದು.

ಸಂಜೆ ಪಡಸಾಲೆಯಲ್ಲಿ ವಿರೂಪಣ್ಣ ಮಾಸ್ತರನೊಡನೆ ವಾದಕ್ಕೆ ಕುಳಿತಿದ್ದೆ. ದೇವರಿರುವುದಕ್ಕೆ ಆತ ಪ್ರಮಾಣ ಕೇಳಿದ. ಎಂದಿನಂತೆ ಹೇಳಿದೆ: "ಇದ್ದರ ಪಾರಾದ್ವಿ. ಇರದಿದ್ದರ ನಂಬಿದವಂದು ಏನು ಹೋತು, ಹೇಳೋ ಮಾಸ್ತರಾ?"

ಒಳಗಿನಿಂದ ನನ್ನ ಹೆಂಡತಿ ಹಂಪಮ್ಮ ನಕ್ಕಳು. "ನಿಮ್ಮದೇನು ಹೋಗತದ್ರೀ? ಹೋಗಿದ್ದು ನನ್ನ ಹೊಟ್ಟಿ."

ಮಾಸ್ತರ ತಲೆ ತಗ್ಗಿಸಿ ಎದ್ದುಹೋದ.

ನಾನು ಪೂಜೆ ಮುಗಿಸಿ ಉಂಡೆದ್ದ ಮೇಲೆಯೇ ಆಕೆ ಉಣ್ಣುವುದು ನಮ್ಮ ಮನೆಯ ನಿಯಮ. ನನ್ನ ಲಿಂಗಪೂಜೆಯೋ ಮಧ್ಯಾಹ್ನದ ತನಕ ಬೆಳೆಯುತ್ತದೆ. ಆ ದೀರ್ಘತೆಯೇ ಭಕ್ತಿಯ ಅಳತೆಯೆಂದು ಬಗೆದಿದ್ದೆ. ಮೊನ್ನೆ ರಾಯಚೂರಿನ ವೈದ್ಯರು ಆಕೆಯ ಜಠರದಲ್ಲಿ ಹುಣ್ಣಾಗಿದೆ, ಹೊತ್ತುಹೊತ್ತಿಗೆ ಉಣ್ಣದಿದ್ದರೆ ಉಳಿಯುವುದು ಕಷ್ಟವೆಂದರು. ಪಣಕ್ಕಿಟ್ಟದ್ದು ಯಾರ ದೇಹವೆಂಬುದು ಇಷ್ಟು ವರ್ಷ ನನಗೆ ಹೊಳೆಯಲೇ ಇಲ್ಲ.

ದೀಪ ಹಚ್ಚಿದ ಮೇಲೆ ಬಳಿಗೆ ಹೋಗಿ ಬೇಡಿಕೊಂಡೆ: "ನಾಳಿಯಿಂದ ನೀ ಮೊದಲ ಉಣ್ಣು."

"ಈಗ ಉಂಡ್ರ, ಇಷ್ಟು ವರ್ಷ ಹಸದಿದ್ದು ಯಾತಕ್ಕಂತ ನನಗ ನಾ ಏನು ಹೇಳಿಕೊಳ್ಳಲ್ರೀ? ನೀವು ಪೂಜಿ ಮಾಡ್ರಿ, ನಾ ಕಾಯ್ತೀನಿ."

ಪೂಜೆಯನ್ನೇ ಮೊಟಕುಗೊಳಿಸುವೆನೆಂದೆ. ಅದಕ್ಕೂ ಒಪ್ಪಳು, ದೇವರಿಗೆ ಕಡಿಮೆ ಮಾಡಿಸಿದ ಪಾಪ ಆಕೆಯ ತಲೆಗಂತೆ. ನಾನೇ ಕಲಿಸಿದ ಮಾತು.

ನಾಳೆಯೂ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚುವೆ. ಶಿವನೇ, ನೀನಿಲ್ಲದಿದ್ದರೆ ಅವಳ ಹಸಿವಿಗೆ ನಾನೊಬ್ಬನೇ ಹೊಣೆ. ಇದ್ದರೆ, ಇಷ್ಟು ವರ್ಷ ನೋಡುತ್ತ ಕುಳಿತ ನಿನ್ನನ್ನು ಹೇಗೆ ಪೂಜಿಸಲಿ?