ಅವರೆ ಚಪ್ಪರಕ್ಕೆ ಬಂದ ನೆಂಟರು

ರೀ,

ನೀವು ಹೋದ ಊರಿಗೆ ಅಂಚೆ ಇಲ್ಲ, ಗೊತ್ತು. ಆದ್ರೂ ಬರೀತಿದೀನಿ. ಹಿತ್ತಲ ಅವರೆ ಚಪ್ಪರಕ್ಕೆ ಹೆಬ್ಬೆಟ್ಟಿನಷ್ಟು ಹಸಿರು ಹಕ್ಕಿ ಬಂದಿದೆ. ಎಲೆ ಉಲಿಯಕ್ಕಿ ಅಂತೆ. ಚಳಿಗೆ ಕಾಶ್ಮೀರದಿಂದ ಬರುತ್ತೆ, ಅಲ್ಲಿ ಕಾಡು ಕಡಿದು ಈ ಜಾತಿಯೇ ಕಮ್ಮಿ ಆಗ್ತಿದೆ ಅಂತ ಮೊಮ್ಮಗಳು ಬಿಂದುಶ್ರೀ ಹೇಳಿದ್ಲು. ಹುಳಾನೇ ಅದರ ಊಟ.

ಇವತ್ತು ತ್ಯಾಗರಾಜನಗರದಿಂದ ನಿಮ್ಮ ತಮ್ಮ ಮುನಿಕೃಷ್ಣ ಔಷಧಿ ಹೊಡೆಯೋಕೆ ಬಂದ. ಡಬ್ಬ ಕಿತ್ಕೊಂಡೆ.

"ಅತ್ತಿಗೆ, ಅಣ್ಣ ವರ್ಷಾ ವರ್ಷಾ ಹೊಡೀತಿರಲಿಲ್ವಾ? ಹುಳದ ಕಾಯಿ ಯಾರು ತಿಂತಾರೆ?"

"ಅಷ್ಟು ದೂರದಿಂದ ಬಂದ ನೆಂಟರಿಗೆ ವಿಷ ಬಡಿಸ್ತೀಯೇನೋ? ನಡಿ ಆಚೆ!"

ಡಬ್ಬ ಬಿಟ್ಟೇ ಹೋದ. ಹಕ್ಕಿ ನೆಮ್ಮದಿಯಾಗಿ ಹುಳ ಹೆಕ್ತಿದೆ.

ಆದ್ರೆ ಹುಳ ಆರಿಸಿ ಅವರೆ ಸುಲಿಯೋದು ಒಬ್ಬರ ಕೆಲಸ ಅಲ್ಲ ರೀ. ಮೊರದ ಆ ಕಡೆ ನಿಮ್ಮ ಮಣೆ ಹಾಕಿಟ್ಟು, ಈ ಕಡೆ ನಾನು ಕೂತಿದೀನಿ.